ಶಾಯಿಯಿಲ್ಲದ ಲೇಖನಿ ಮತ್ತು ಮಂಗೇಶ ನಾಯ್ಕರ ವಹಿ

ಕಾಳಿ ನದಿ ಸಮುದ್ರ ಸೇರುವ ಕೋಡಿಬಾಗದಿಂದ ಅಂಕೋಲೆಯ ದಂಡೆಯವರೆಗಿನ ಮೀನುಗಾರರ ಸಹಕಾರದ ಇತಿಹಾಸವನ್ನು ಯಾರಾದರೂ ಬರೆಯಹೊರಟರೆ ವೇದಿಕೆಯ ಮೇಲೆ ಕುಳಿತವರ ಹೆಸರುಗಳು ಅವರಿಗೆ ಸುಲಭವಾಗಿ ಸಿಗುತ್ತವೆ. ಬಲೆ, ಮಂಜುಗಡ್ಡೆ, ಯಂತ್ರಗಳನ್ನು ಸಂಘದ ಮೂಲಕ ತರಿಸಿಕೊಟ್ಟ ಅಧ್ಯಕ್ಷರುಗಳ ಭಾವಚಿತ್ರಗಳು ನಮ್ಮ ಕಚೇರಿಯ ಗೋಡೆಯ ಮೇಲೆ ಸಾಲಾಗಿ ತೂಗುತ್ತಿವೆ. ಆದರೆ ಮೂವತ್ತೇಳು ವರ್ಷಗಳ ಕಾಲ ದಂಡೆಯಲ್ಲಿ ನಿಂತು, ಯಾವ ದೋಣಿ ಯಾವಾಗ ಹೋಯಿತು, ಯಾವಾಗ ಬಂದಿತು ಎಂಬುದನ್ನು ತಮ್ಮ ದುಂಡನೆಯ ಅಕ್ಷರಗಳಲ್ಲಿ ಬರೆದಿಟ್ಟ ಶ್ರೀ ಮಂಗೇಶ ನಾಯ್ಕರ ಭಾವಚಿತ್ರ ಅಲ್ಲಿಲ್ಲ. ಮೀನುಗಾರರು ಮಾತ್ರ ಅವರನ್ನು ‘ವಹಿ ನಾಯ್ಕರು’ ಎಂದು ಕರೆದು, ಗೋಡೆಯ ಮೇಲಿರುವವರಿಗಿಂತ ಹೆಚ್ಚಾಗಿ ನೆನಪಿಟ್ಟುಕೊಂಡಿದ್ದಾರೆ.

ಇಂಥ ಹಿರಿಯರ ನಿವೃತ್ತಿಯ ಸಂದರ್ಭದಲ್ಲಿ ಹೊರತರುತ್ತಿರುವ ಈ ಸಂಪುಟಕ್ಕೆ ಲೇಖನ ಬರೆಯಬೇಕೆಂದು ಸಂಘದ ಕಾರ್ಯದರ್ಶಿಗಳಾದ ಶ್ರೀ ಹರಿಶ್ಚಂದ್ರ ಅವರು ನನ್ನನ್ನು ಕೇಳಿದಾಗ, ವಿಷಯವನ್ನೂ ಅವರೇ ಸೂಚಿಸಿದರು. ಲೇಖನಿಯಿಂದ ಬರೆಯುವ ಟ್ಯಾಬ್ಲೆಟ್ ದೋಣಿಗಳು ಬಂದು ನಿಲ್ಲುವ ನಮ್ಮ ಧಕ್ಕೆಗೆ ಮೊದಲ ಬಾರಿ ಬಂದಾಗ ಅದನ್ನು ಜನರಿಗೆ ಒಗ್ಗಿಸಿದ ನಾಯ್ಕರ ಪಾತ್ರವನ್ನು ಕುರಿತು ಬರೆಯಬೇಕು. ‘ಆ ಒಂದು ವರ್ಷದ ಸಂಗತಿ’ಯನ್ನು ಮಾತ್ರ ಕೈಬಿಡಬೇಕು. ಸಂತೋಷದ ಸಂಪುಟದಲ್ಲಿ ಅದು ಬೇಡವೆಂಬುದು ಅವರ ಸದಾಶಯ. ನಾನು ಒಪ್ಪಿಕೊಂಡು ಬಂದೆ. ಎರಡು ಸಲ ಬರೆದು ಹರಿದೆ. ಆ ವರ್ಷವನ್ನು ಬಿಟ್ಟು ಬರೆದರೆ ಅದರಿಂದ ಅನುಕೂಲವಾಗುವುದು ನಾಯ್ಕರಿಗಲ್ಲ, ನನಗೆ. ಹೀಗಾಗಿ ಕಾರ್ಯದರ್ಶಿಗಳ ಕ್ಷಮೆ ಕೇಳಿ ಇದನ್ನು ಬರೆಯುತ್ತಿದ್ದೇನೆ.

ಶ್ರೀ ನಾಯ್ಕರು ಸಂಘದ ಸೇವೆಗೆ ಸೇರಿದ್ದು ೧೯೮೮ರಲ್ಲಿ, ಇಪ್ಪತ್ಮೂರರ ವಯಸ್ಸಿನಲ್ಲಿ. ಮನೆಯಲ್ಲಿ ಗದ್ದೆಯ ಕೆಲಸ ಇತ್ತು. ಸಮುದ್ರದ ಪರಿಚಯ ದಂಡೆಯಿಂದ ನೋಡಿದಷ್ಟೇ. ಧಕ್ಕೆಯ ವಹಿಯನ್ನು ಅವರ ಕೈಗೆ ಕೊಟ್ಟಾಗ ಅದರಲ್ಲಿ ಮೂರೇ ಅಂಕಣಗಳಿದ್ದವು: ದೋಣಿಯ ಹೆಸರು, ಹೋಗುವಾಗ ತಾಂಡೇಲನ ಸಹಿ, ಬಂದಾಗ ತಾಂಡೇಲನ ಸಹಿ. ದೋಣಿಯ ಯಜಮಾನಿಕೆ ಹಿಡಿದು ಹೋಗುವವನನ್ನು ನಮ್ಮಲ್ಲಿ ತಾಂಡೇಲ ಎನ್ನುತ್ತಾರೆ. ನಾಯ್ಕರು ಮೊದಲ ವಾರದಲ್ಲೇ ಅಡ್ಡಪಟ್ಟಿ ಇಟ್ಟು ನಾಲ್ಕನೆಯ ಅಂಕಣವನ್ನು ಗೆರೆ ಹೊಡೆದು ಮಾಡಿಕೊಂಡರು. ಅದರ ತಲೆಯ ಮೇಲೆ ‘ದಂಡೆಯಲ್ಲಿ ನಿಂತವರು’ ಎಂದು ಬರೆದರು. ಅಂದು ದೋಣಿಗಳ ಬರವಿಗಾಗಿ ಕಾಯುವ ಹೊಣೆ ಯಾರದೋ ಅವರ ಹೆಸರು ಅಲ್ಲಿ ಬರಬೇಕು. ಹೆಚ್ಚಿನ ದಿನಗಳಲ್ಲಿ ಅಲ್ಲಿ ಅವರದೇ ಹೆಸರಿರುತ್ತಿತ್ತು.

ನಮ್ಮ ದಂಡೆಯಲ್ಲಿ ಒಂದು ನಡೆವಳಿಕೆಯಿದೆ. ಕಡಲಿಗೆ ಹೊರಟವರನ್ನು ಯಾವಾಗ ಬರುತ್ತೀರಿ ಎಂದು ಯಾರೂ ಕೇಳುವುದಿಲ್ಲ, ಹೊರಟವರೂ ಹೇಳುವುದಿಲ್ಲ. ಬರುವ ಹೊತ್ತನ್ನು ಬಾಯಲ್ಲಿ ಆಡಬಾರದು, ಕೈಯಲ್ಲಿ ಬರೆಯಲಂತೂ ಬಾರದು. ಹೀಗಾಗಿ ವಹಿಯ ಮೂರನೆಯ ಅಂಕಣ ದೋಣಿ ದಂಡೆಗೆ ತಾಗುವವರೆಗೆ ಖಾಲಿಯೇ ಇರುತ್ತಿತ್ತು. ಗದ್ದೆಯ ಮನೆಯಿಂದ ಬಂದ ನಾಯ್ಕರು ಈ ನಡೆವಳಿಕೆಯನ್ನು ಕಡಲಿನವರಿಗಿಂತ ಬಿಗಿಯಾಗಿ ಹಿಡಿದರು. ಅಂಕಣದಲ್ಲಿ ಒಂದು ಸಹಿ ಬಾಕಿ ಇದ್ದರೂ ಅವರು ಊಟಕ್ಕೆ ಏಳುತ್ತಿರಲಿಲ್ಲ. ಅವರ ಪತ್ನಿ ಶ್ರೀಮತಿ ಕಲಾವತಿಯವರು ಕಳಿಸಿದ ಡಬ್ಬಿ ಎಷ್ಟೋ ದಿನ ಮೂರು ಗಂಟೆಯವರೆಗೆ ಕಿಟಕಿಯಲ್ಲಿ ಕುಳಿತಿರುತ್ತಿತ್ತು. ಕೊನೆಯ ತಾಂಡೇಲ ಬಂದು ಸಹಿ ಮಾಡಿದ ಮೇಲೆ, ಶಾಯಿ ಒಣಗಲೆಂದು ಪುಟದ ಮೇಲೆ ಒಮ್ಮೆ ಊದಿ, ವಹಿ ಮುಚ್ಚಿ, ಕೈ ತೊಳೆಯಲು ಹೋಗುತ್ತಿದ್ದರು.

ನಾನು ಸಂಘಕ್ಕೆ ಕಂಪ್ಯೂಟರ್ ನಿರ್ವಾಹಕನಾಗಿ ಸೇರಿದ್ದು ೨೦೧೨ರಲ್ಲಿ. ನಮ್ಮದು ತೋಡೂರಿನ ಕಡೆಯ ಕುಟುಂಬ; ನೌಕಾನೆಲೆಯ ಯೋಜನೆಗೆ ಮನೆ ಬಿಟ್ಟುಕೊಟ್ಟು ಬೇರೆಡೆ ನೆಲೆ ಕಂಡುಕೊಂಡವರು. ಮನೆಯಲ್ಲಿ ಸಂಬಳ ತರುವವನು ನಾನೊಬ್ಬನೇ. ಬಸ್ಸು ತಪ್ಪಿ ಮೊದಲ ಮೂರು ದಿನವೂ ನಾನು ತಡವಾಗಿ ಬಂದದ್ದನ್ನು ನೋಡಿದ ನಾಯ್ಕರು ನಾಲ್ಕನೆಯ ದಿನ ತಮ್ಮ ಸೈಕಲ್ಲನ್ನು ನನಗೆ ಕೊಟ್ಟು, ತಾವು ನಡೆದು ಬರತೊಡಗಿದರು. ನನ್ನ ತಂದೆ ಆಸ್ಪತ್ರೆಯಲ್ಲಿ ಹನ್ನೊಂದು ದಿನ ಮಲಗಿದಾಗ, ಕೆಲಸ ಮುಗಿಸಿ ಅಲ್ಲಿಗೆ ಬಂದು, ನನ್ನನ್ನು ಸ್ನಾನ ಊಟಕ್ಕೆ ಮನೆಗೆ ಕಳಿಸಿ, ಹಾಸಿಗೆಯ ಬಳಿ ಕುಳಿತಿರುತ್ತಿದ್ದರು. ಇದನ್ನೆಲ್ಲ ಅವರು ಉಪಕಾರವೆಂದು ಮಾಡಲಿಲ್ಲ, ಮಾಡಿದ ಮೇಲೆ ಅದರ ಮಾತನ್ನೂ ಎತ್ತಲಿಲ್ಲ.

ಟ್ಯಾಬ್ಲೆಟ್ ಬಂದದ್ದು ೨೦೧೩ರ ಆರಂಭದಲ್ಲಿ. ತರಿಸಬೇಕೆಂದು ಆಗಿನ ಆಡಳಿತ ಮಂಡಳಿಯ ತಲೆ ತಿಂದವನು ನಾನು. ಕಪ್ಪು ಗಾಜಿನ ಹಲಗೆ, ಅದರ ಮೈಯಲ್ಲೇ ಸಿಕ್ಕಿಸಿದ ಒಂದು ಲೇಖನಿ. ಗಾಜಿನ ಮೇಲೆ ಬರೆದರೆ ಬರೆದ ಹಾಗೆಯೇ ಮೂಡುತ್ತದೆ. ಧಕ್ಕೆಯ ಜನ ಅದಕ್ಕೆ ಮೊದಲ ದಿನವೇ ಹೆಸರಿಟ್ಟರು. ಹಲಗೆ ‘ಪಾಟಿ’ಯಾಯಿತು, ಲೇಖನಿ ‘ಕಡ್ಡಿ’ಯಾಯಿತು. ಶಾಲೆ ಬಿಟ್ಟು ನಲವತ್ತು ವರ್ಷವಾದ ಗಂಡಸರು ಸರತಿಯಲ್ಲಿ ನಿಂತು ಮತ್ತೆ ಪಾಟಿ ಹಿಡಿದರು. ಕೆಲವರು ಕಡ್ಡಿಯ ತುದಿಯನ್ನು ನಾಲಿಗೆಗೆ ತಾಗಿಸಿಕೊಂಡರು. ಕೆಲವರು ಬಲೆ ಎಳೆದ ಕೈಯ ಬಲವನ್ನೆಲ್ಲ ಹಾಕಿ ಒತ್ತಿದರು. ಉಪ್ಪು ಹಿಡಿದ ಒದ್ದೆ ಕೈ ತಾಗಿದರೆ ಅದಕ್ಕೆ ಹುಚ್ಚು ಹಿಡಿದಂತಾಗಿ ಬರೆಯದ ಕಡೆಯೂ ಗೆರೆಗಳು ಮೂಡುತ್ತಿದ್ದವು. ನಾಯ್ಕರು ಹೆಗಲ ಮೇಲೊಂದು ಒಣ ಪಂಜಿ ಇಟ್ಟುಕೊಂಡು, ಸಹಿಗೆ ಬಂದವರ ಕೈ ತಾವೇ ಒರೆಸಿ, ಬಿಸಿಲಿಗೆ ಗಾಜು ಕಾಣದೆಂದು ಅವರ ತಲೆಯ ಮೇಲೆ ಕೊಡೆ ಹಿಡಿದು ನಿಲ್ಲುತ್ತಿದ್ದರು. ತಾವು ಮಾತ್ರ ಬಿಸಿಲಲ್ಲಿ ನಿಂತಿರುತ್ತಿದ್ದರು.

ವಹಿಯಲ್ಲಿ ಎಂದೂ ಸಹಿ ಮಾಡಿರದ ಮೀನು ಮಾರುವ ಹೆಂಗಸರು ತಮಗೂ ಒಮ್ಮೆ ಕಡ್ಡಿ ಕೊಡಿ ಎಂದಾಗ ನಾಯ್ಕರು ಕೊಟ್ಟರು. ರಾಮಾ ಹರಿಕಂತ್ರ ತಾಂಡೇಲರ ಪತ್ನಿ ಕಾಶಿಯವರು ಅಕ್ಷರ ಬರದೆ, ಒಂದು ಮೀನು ಬರೆದು, ಅದಕ್ಕೆ ಕಣ್ಣಿಟ್ಟರು. ಎಲ್ಲರೂ ನಕ್ಕರು. ನಾಯ್ಕರು ಅಭ್ಯಾಸಬಲದಿಂದ ಗಾಜಿನ ಮೇಲೆ ಊದಿದಾಗ ಇನ್ನಷ್ಟು ನಕ್ಕರು. ನಗದೆ ಇದ್ದವರು ಹಳೆಯ ತಾಂಡೇಲ ಪುಟ್ಟು ಒಬ್ಬರೇ. ಅವರ ಸಹಿಯಾದ ಮೇಲೆ ನಾನು ಮುಂದಿನ ಪುಟ ತೆರೆದೆ, ಸಹಿ ಮರೆಯಾಯಿತು. ಅವರು ಹಲಗೆಯನ್ನು ಮಗುಚಿ ಹಿಂದೆಲ್ಲ ನೋಡಿದರು.

“ನನ್ನ ಸಹಿ ಎಲ್ಲಿಗೆ ಹೋಯ್ತು? ವಹಿಯಾದ್ರೆ ನಾಳೆ ಬಂದ್ರೂ ಅಲ್ಲೇ ಇರ್ತದೆ,” ಎಂದರು.

ಅದು ಒಳಗೆ ಭದ್ರವಾಗಿದೆ ಎಂದು ನಾನು ದೊಡ್ಡ ಭಾಷಣವನ್ನೇ ಮಾಡಿದೆ. ನನಗೆ ಆಗ ಇಪ್ಪತ್ನಾಲ್ಕು ವರ್ಷ. ಧಕ್ಕೆಯಲ್ಲಿ ನನಗೊಬ್ಬನಿಗೇ ಎಲ್ಲ ತಿಳಿದಿದೆ ಎಂಬ ಭ್ರಮೆಯಲ್ಲಿದ್ದೆ. ನಾಯ್ಕರು ಒಂದು ಹಂಗಾಮು ವಹಿಯನ್ನೂ ಪಾಟಿಯನ್ನೂ ಜೊತೆಗೇ ಇಟ್ಟುಕೊಳ್ಳೋಣ ಎಂದರು. ಒಂದೇ ಕೆಲಸವನ್ನು ಎರಡು ಸಲ ಮಾಡುವುದೇಕೆ ಎಂದು ನಾನು ಮಂಡಳಿಯವರಿಂದ ಹೇಳಿಸಿ ವಹಿಯನ್ನು ನಿಲ್ಲಿಸಿದೆ. ಅವರು ಅದನ್ನು ಬಟ್ಟೆಯಲ್ಲಿ ಸುತ್ತಿ ಕಪಾಟಿನಲ್ಲಿಟ್ಟರು.

ಈಗ ಒಂದು ತಾಂತ್ರಿಕ ಸಂಗತಿಯನ್ನು ಹೇಳದೆ ಗತಿಯಿಲ್ಲ. ಪಾಟಿಯಲ್ಲಿದ್ದ ನಮೂನೆ ಧಕ್ಕೆಗಾಗಿ ಮಾಡಿದ್ದಲ್ಲ; ಪಾರ್ಸೆಲ್ ಮುಟ್ಟಿಸುವವರಿಗಾಗಿ ಮಾಡಿದ್ದು. ಕೊಟ್ಟವರದೊಂದು ಸಹಿ, ತೆಗೆದುಕೊಂಡವರದೊಂದು ಸಹಿ, ಎರಡೂ ಒಂದೇ ಗಳಿಗೆಯಲ್ಲಿ. ಅವೆರಡರ ಹೆಸರನ್ನು ಬದಲಿಸಿ ‘ಹೋದ ಸಹಿ’, ‘ಬಂದ ಸಹಿ’ ಎಂದು ಮಾಡಿದವನು ನಾನು. ನಾಲ್ಕನೆಯ ಅಂಕಣಕ್ಕೆ ಅದರಲ್ಲಿ ಜಾಗವೇ ಇರಲಿಲ್ಲ. ಜೊತೆಗೆ, ಎರಡನೆಯ ಚೌಕದಲ್ಲಿ ಏನಾದರೂ ಬೀಳದೆ ಮುಂದಿನ ದೋಣಿಯ ಪುಟ ತೆರೆಯುತ್ತಿರಲಿಲ್ಲ. ಬೆಳಗಿನ ಐದು ಗಂಟೆಗೆ ಹದಿನೆಂಟು ದೋಣಿಗಳು ಹೊರಟು ನಿಂತಿವೆ, ಮೊದಲನೆಯ ತಾಂಡೇಲನ ಪುಟವೇ ಮುಚ್ಚುತ್ತಿಲ್ಲ. ಬರುವ ಮೊದಲೇ ‘ಬಂದ ಸಹಿ’ ಹಾಕಿ ಎಂದು ಯಾವ ತಾಂಡೇಲನಿಗೆ ಹೇಳುವುದು? ಹೇಳಿದರೆ ಅವನು ಪಾಟಿಯನ್ನು ನದಿಗೆ ಎಸೆದಾನು. ನಾನು ಉಪಾಯ ಹೇಳಿಕೊಟ್ಟೆ: ಆ ಚೌಕದಲ್ಲಿ ನೀವೇ ಕಡ್ಡಿಯಿಂದ ಒಂದು ಗೆರೆ ಎಳೆದುಬಿಡಿ, ಪುಟ ಮುಂದೆ ಹೋಗುತ್ತದೆ, ದೋಣಿ ಬಂದ ಮೇಲೆ ಅದನ್ನು ಅಳಿಸಿ ನಿಜವಾದ ಸಹಿ ತೆಗೆದುಕೊಂಡರಾಯಿತು.

ನಾಯ್ಕರು ಕಡ್ಡಿಯನ್ನು ಗಾಜಿನ ಮೇಲಿಂದ ಎತ್ತಿ ಹಿಡಿದರು.

“ಬರದೇ ಇದ್ದವ್ರನ್ನ ಬಂದವ್ರು ಅಂತ ಬರ್ದ ಹಾಗಾಗೂದಿಲ್ವಾ, ಸುಜಯ?”

“ಅದು ಸಹಿ ಅಲ್ಲ ಸರ್, ಬರೀ ಗೆರೆ,” ಎಂದೆ.

ಎರಡು ದಿನ ಅವರು ಆ ಗೆರೆ ಎಳೆಯಲಿಲ್ಲ. ತಾಂಡೇಲರನ್ನು ಕಾಯಿಸಿ, ಬೈಸಿಕೊಂಡು, ಹದಿನೆಂಟು ದೋಣಿಗಳ ಹೆಸರನ್ನು ಅಂಗೈ ಮೇಲೆ ಬರೆದುಕೊಂಡರು. ಮೂರನೆಯ ದಿನ ಎಳೆದರು. ಗೆರೆ ಬಿದ್ದ ಕೂಡಲೇ ಕಚೇರಿಯ ಪರದೆಯ ಮೇಲಿನ ಪಟ್ಟಿಯಲ್ಲಿ ಆ ದೋಣಿಯ ಹೆಸರು ಹಸಿರಾಗುತ್ತಿತ್ತು. ಹಸಿರೆಂದರೆ ಬಂದಿದೆ ಎಂದರ್ಥ. ಪುಟ ತೆರೆದು ನೋಡಿದವರಿಗೆ ಗೆರೆ ಯಾವುದು, ಸಹಿ ಯಾವುದು ಎಂದು ತಿಳಿಯುತ್ತಿತ್ತು. ನಾಯ್ಕರು ಪ್ರತಿದಿನ ಹದಿನೆಂಟು ಪುಟಗಳನ್ನೂ ತೆರೆದು ನೋಡುತ್ತಿದ್ದರು. ಊಟದ ಡಬ್ಬಿ ಮೊದಲಿನಂತೆಯೇ ಕಿಟಕಿಯಲ್ಲಿ ಕುಳಿತಿರುತ್ತಿತ್ತು.

ಅಕ್ಟೋಬರದ ಒಂದು ಗುರುವಾರ ಅವರನ್ನು ಅಂಕೋಲೆಗೆ ಕಳಿಸಲಾಯಿತು. ಅಲ್ಲಿಯ ಶಾಖೆಗೆ ಎರಡನೆಯ ಪಾಟಿ ಬಂದಿತ್ತು. ಜನರಿಗೆ ಒಗ್ಗಿಸಲು ಅವರಿಗಿಂತ ಸಮರ್ಥರು ಬೇರೆ ಇರಲಿಲ್ಲ. ಬೆಳಿಗ್ಗೆ ದೋಣಿಗಳನ್ನು ಕಳಿಸಿಕೊಟ್ಟು, ಗೆರೆಗಳನ್ನು ಎಳೆದು, ಮಧ್ಯಾಹ್ನದ ಸಹಿಗಳನ್ನು ನನಗೊಪ್ಪಿಸಿ, ಎಂಟರ ಬಸ್ಸಿಗೆ ಅವರು ಹೊರಟರು. ಹೊರಡುವಾಗ ಪುಟ ತೆರೆದು ನೋಡು ಎಂದು ಎರಡು ಸಲ ಹೇಳಿದರು. ಹನ್ನೊಂದರ ಸುಮಾರಿಗೆ ಪಡುಗಾಳಿ ಎದ್ದಿತು. ದೋಣಿಗಳು ಒಂದೊಂದಾಗಿ ಬಂದವು. ಸಹಿ ಮಾಡುವವರು ಮಾಡಿದರು, ಆತುರದಲ್ಲಿದ್ದವರು ಹಾಗೆಯೇ ಹೋದರು. ಪಟ್ಟಿಯೆಲ್ಲ ಹಸಿರಾಗಿಯೇ ಇತ್ತಾದ್ದರಿಂದ ನಾನು ಯಾರನ್ನೂ ತಡೆಯಲಿಲ್ಲ. ಧಕ್ಕೆಯಿಂದ ಒಳಗೆ ಬಂದು ಪಂಖದ ಕೆಳಗೆ ಕುಳಿತೆ. ಡಬ್ಬಿ ಬಿಚ್ಚಿ ಒಂದು ಗಂಟೆಗೆ ಸರಿಯಾಗಿ ಊಟ ಮಾಡಿದೆ.

ಮೂರು ಗಂಟೆಗೆ ಕಾಶಿಯವರು ಬುಟ್ಟಿ ಹಿಡಿದು ಬಾಗಿಲಿಗೆ ಬಂದರು. ಅವರ ಗಂಡ ರಾಮಾ ಮತ್ತು ಇಪ್ಪತ್ತಾರರ ಮಗ ಆಶಿಷ ‘ಜಲದೇವಿ’ ದೋಣಿಯಲ್ಲಿ ಹೋಗಿದ್ದರು.

“ತಮಾ, ನಮ್ಮ ದೋಣಿ ಬಂತಾ?”

ನಾನು ಪರದೆಯನ್ನು ನೋಡಿದೆ. ಕುರ್ಚಿಯಿಂದ ಏಳಲಿಲ್ಲ. ಪುಟ ತೆರೆಯಲಿಲ್ಲ.

“ಬಂದದೆ ಕಾಶಕ್ಕ. ಸಹಿ ಅದೆ.”

ಹಾಗಾದರೆ ಗಾಳಿಗೆ ಸಿಕ್ಕಿ ಅಂಕೋಲೆಯ ಕಡೆ ದಂಡೆ ಹಿಡಿದಿರಬೇಕು, ಅಲ್ಲಿಯ ಪಾಟಿಯಲ್ಲಿ ಸಹಿ ಮಾಡಿರಬೇಕು ಎಂದು ಅವರೇ ಲೆಕ್ಕ ಹಾಕಿಕೊಂಡು ಹೋದರು. ಅಂಥದ್ದು ಹಿಂದೆಯೂ ಆಗುತ್ತಿತ್ತು. ಅಲ್ಲಿಯೇ ಮೀನು ಮಾರಿ, ತಂಗಿಯ ಮನೆಯಲ್ಲಿ ಉಳಿದು, ಮರುದಿನ ಬರುತ್ತಿದ್ದರು. ಸಂಜೆ ನಾಯ್ಕರು ಬಸ್ಸಿನಿಂದಲೇ ಫೋನ್ ಮಾಡಿ, ಎಲ್ಲ ಬಂದವೇ ಎಂದು ಕೇಳಿದರು. ಎಲ್ಲ ಹಸಿರಿದೆ ಸರ್ ಎಂದೆ. ಅವರು ಧಕ್ಕೆಗೆ ಬರದೆ ಮನೆಗೆ ಹೋದರು. ಇಪ್ಪತ್ತೈದು ವರ್ಷಗಳಲ್ಲಿ ಅವರು ಇನ್ನೊಬ್ಬರ ಮಾತಿನ ಮೇಲೆ ಮನೆಗೆ ಹೋದದ್ದು ಅದೊಂದೇ ದಿನ.

ಮರುದಿನ ಬೆಳಿಗ್ಗೆ ಜಲದೇವಿ ಕಟ್ಟುವ ಗೂಟ ಬರಿದಾಗಿದ್ದುದನ್ನು ಅವರು ಕಂಡರು. ಅಂಕೋಲೆಗೆ ಫೋನ್ ಮಾಡಿದರು. ಅಲ್ಲಿ ಆ ದೋಣಿ ಬಂದಿರಲಿಲ್ಲ. ಪಾಟಿಯ ಪುಟ ತೆರೆದು ನೋಡಿದರು. ಅಲ್ಲಿ ಅವರೇ ಎಳೆದ ಗೆರೆ ಇತ್ತು. ಕರಾವಳಿ ಕಾವಲಿನವರಿಗೆ ಸುದ್ದಿ ಮುಟ್ಟಿ, ಧಕ್ಕೆಯ ಹದಿನೇಳು ದೋಣಿಗಳೂ ಹೊರಟವು. ಕೂರ್ಮಗಡ ದ್ವೀಪದ ಆಚೆ, ಮಗುಚಿದ ದೋಣಿಯ ಬೆನ್ನಿಗೆ ಹಗ್ಗದಿಂದ ತಮ್ಮನ್ನು ಕಟ್ಟಿಕೊಂಡಿದ್ದ ರಾಮಾ ಅವರನ್ನು ಮಧ್ಯಾಹ್ನದ ಹೊತ್ತಿಗೆ ಕರೆತಂದರು. ಅವರ ಅಂಗೈಗಳ ಚರ್ಮ ಇರಲಿಲ್ಲ. ಧಕ್ಕೆಯ ಮೆಟ್ಟಿಲ ಮೇಲೆ ಕೂರಿಸಿದಾಗ ಅವರು ಆಡಿದ್ದು ಒಂದೇ ಮಾತು.

“ಆಶಿಷ ನಿನ್ನೆ ಸಂಜಿವರೆಗೂ ಹಿಡ್ಕಂಡೇ ಇದ್ದ.”

ಮೂರು ಗಂಟೆಗೆ ನಾನು ಕುರ್ಚಿಯಿಂದ ಎದ್ದಿದ್ದರೆ ಐದು ಗಂಟೆಯ ಒಳಗೆ ದೋಣಿಗಳು ಅಲ್ಲಿರುತ್ತಿದ್ದವು. ಈ ವಾಕ್ಯವನ್ನು ನಾನು ಇಲ್ಲಿಯವರೆಗೆ ಯಾರೆದುರೂ ಹೇಳಿಲ್ಲ. ಆಶಿಷ ಸಿಗಲಿಲ್ಲ, ದೇಹವೂ ಸಿಗಲಿಲ್ಲ.

ಮಂಡಳಿಯವರು ವಿಚಾರಣೆ ನಡೆಸಿದರು. ಅವರೆದುರು ಇದ್ದದ್ದು ಪಾಟಿಯೊಂದೇ. ಅದರಲ್ಲಿ ಒಂದು ಗೆರೆ, ಗೆರೆ ಬಿದ್ದ ಗಂಟೆ ನಿಮಿಷ. ಅಂದು ದಂಡೆಯಲ್ಲಿ ನಿಂತವರು ಯಾರು ಎಂಬ ಅಂಕಣ ಅದರಲ್ಲಿರಲಿಲ್ಲ, ಹಾಗಾಗಿ ಆ ಪ್ರಶ್ನೆಯೂ ಅವರಿಗೆ ಹೊಳೆಯಲಿಲ್ಲ. ಕಾಶಿಯವರನ್ನು ಯಾರೂ ಕರೆಸಿ ಕೇಳಲಿಲ್ಲ. ಗೆರೆ ಎಳೆದದ್ದು ಯಾರು ಎಂದಷ್ಟೇ ಕೇಳಿದರು.

“ಎಳೆದ ಕೈ ನಂದು,” ಎಂದರು ನಾಯ್ಕರು.

ಯಾರು ಹೇಳಿಕೊಟ್ಟರೆಂದು ಕೇಳಿದಾಗ, ಕೈ ತನ್ನದಾದ ಮೇಲೆ ಬೇರೆ ಮಾತಿಲ್ಲ ಎಂದರು. ನಾನು ಅದೇ ಕೋಣೆಯ ಬಾಗಿಲ ಬಳಿ ಪಾಟಿ ಹಿಡಿದು ನಿಂತಿದ್ದೆ. ಪುಟಗಳನ್ನು ತೆರೆದು ತೋರಿಸುವುದು ನನ್ನ ಕೆಲಸವಾಗಿತ್ತು. ಪ್ರತಿಯೊಂದನ್ನೂ ತೆರೆದು ತೋರಿಸಿದೆ. ಬಾಯಿ ತೆರೆಯಲಿಲ್ಲ. ನಾಯ್ಕರ ಬಡ್ತಿ ತಡೆಯಲಾಯಿತು; ಅವರನ್ನು ಅಂಕೋಲೆ ಶಾಖೆಯ ಬಲೆ ಉಗ್ರಾಣಕ್ಕೆ ಹಾಕಲಾಯಿತು. ಧಕ್ಕೆಯ ಹೊಣೆ ನನಗೆ ಬಂತು. ನಮೂನೆಯನ್ನು ಮಾಡಿಕೊಟ್ಟವರು ಎರಡೇ ವಾರದಲ್ಲಿ ಅದನ್ನು ಸರಿಪಡಿಸಿ ಕಳಿಸಿದರು. ಇಂದು ಅದು ತಕರಾರಿಲ್ಲದೆ ನಡೆಯುತ್ತಿದೆ. ಯಂತ್ರದ ಮೇಲೆ ನನಗೆ ಯಾವ ದೂರೂ ಇಲ್ಲ.

ಮುಂದಿನ ಆರು ವರ್ಷ ನಾಯ್ಕರು ಕೋಡಿಬಾಗದಿಂದ ಅಂಕೋಲೆಗೆ ದಿನವೂ ಬಸ್ಸಿನಲ್ಲಿ ಹೋಗಿ ಬಂದರು. ಅವರು ಮತ್ತೆಂದೂ ಕಡ್ಡಿಯನ್ನು ಕೈಯಲ್ಲಿ ಹಿಡಿಯಲಿಲ್ಲ. ಅಂಗಡಿಯಿಂದ ಉದ್ದನೆಯ ವಹಿ ತಂದು, ತಮ್ಮದೇ ನಾಲ್ಕು ಅಂಕಣಗಳನ್ನು ಗೆರೆ ಹೊಡೆದುಕೊಂಡರು. ಗಂಗಾವಳಿ ನದಿ ಉಕ್ಕಿ ರಾಮನಗುಳಿಯ ಕಡೆ ಮನೆಗಳು ಮುಳುಗಿದ ವರ್ಷ, ಅಂಕೋಲೆಯ ದಂಡೆಯಿಂದ ಏಳು ನಾಡದೋಣಿಗಳನ್ನು ಲಾರಿಯಲ್ಲಿ ಹೇರಿಸಿಕೊಂಡು ಹೋದವರಲ್ಲಿ ಅವರೂ ಇದ್ದರು. ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ವಹಿಯನ್ನು ಎದೆಗೆ ಹಿಡಿದು, ಸೊಂಟದವರೆಗಿನ ಕೆಸರುನೀರಿನಲ್ಲಿ ನಿಂತು, ಒಂದೊಂದು ದೋಣಿ ಹೊರಟಾಗಲೂ ಮರಳಿದಾಗಲೂ ಗುರುತು ಹಾಕಿಕೊಂಡರಂತೆ. ಏಳೂ ಬಂದವು. ಆದರೂ ಅವರು ವಹಿ ಮುಚ್ಚಲಿಲ್ಲ, ಮೊದಲ ಸಾಲು ಇನ್ನೂ ಬಾಕಿ ಇದೆ ಎಂದರು ಎಂದು ಜೊತೆಗಿದ್ದವರು ನನಗೆ ಹೇಳಿದರು. ಅದೇನೆಂದು ಅವರಿಗೆ ಅರ್ಥವಾಗಿರಲಿಲ್ಲ. ನನಗೂ ಆಗ ಆಗಲಿಲ್ಲ.

ಆ ವರ್ಷದ ಕೊನೆಗೆ ಕೋಡಿಬಾಗದ ತಾಂಡೇಲರೆಲ್ಲ ಸೇರಿ ಅರ್ಜಿ ಕೊಟ್ಟು ಅವರನ್ನು ಧಕ್ಕೆಗೆ ಮರಳಿ ಕರೆಸಿಕೊಂಡರು. ಅರ್ಜಿಯ ಮೊದಲ ಸಹಿ ರಾಮಾ ಹರಿಕಂತ್ರರದು. ಅವರು ಕಡಲಿಗೆ ಹೋಗುವುದನ್ನು ಬಿಟ್ಟಿದ್ದರು, ಬಲೆ ಹೆಣೆದುಕೊಂಡು ಇದ್ದರು. ನಾಯ್ಕರು ನನ್ನ ಕೈಕೆಳಗಿನ ನೌಕರರಾಗಿ ಬಂದು, ನಾನು ಎದ್ದು ನಿಂತರೆ ಕೂರು ಎಂದು ಕೈ ಸನ್ನೆ ಮಾಡಿ, ತಮ್ಮ ಹಳೆಯ ಕಿಟಕಿಯ ಬಳಿ ಕುಳಿತರು. ನಾನು ಪಾಟಿಯಲ್ಲಿ ಸಹಿ ತೆಗೆದುಕೊಳ್ಳುತ್ತಿದ್ದೆ, ಅವರು ವಹಿಯಲ್ಲಿ ಬರೆದುಕೊಳ್ಳುತ್ತಿದ್ದರು. ಐದೂವರೆ ವರ್ಷ ಹೀಗೆಯೇ ಕಳೆಯಿತು. ಆ ಗುರುವಾರದ ಮಾತನ್ನು ಅವರು ಒಮ್ಮೆಯೂ ಎತ್ತಲಿಲ್ಲ. ಎತ್ತಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಅವರು ಹೊತ್ತಿಗೆ ಸರಿಯಾಗಿ ಉಣ್ಣುವುದನ್ನು ಬಿಟ್ಟಿದ್ದಾರೆ, ರಜೆಯ ದಿನವೂ ಮೂರು ಗಂಟೆಯಾಗದೆ ತಟ್ಟೆಯ ಮುಂದೆ ಕೂರುವುದಿಲ್ಲ ಎಂದು ಕಲಾವತಿಯವರು ಒಮ್ಮೆ ಬೇಸರದಿಂದ ಹೇಳಿದರು. ಬುದ್ಧಿ ಹೇಳು, ನಿನ್ನ ಮಾತಾದರೂ ಕೇಳಿಯಾರು ಎಂದು ನನ್ನನ್ನೇ ಕೇಳಿಕೊಂಡರು.

ಈ ವರ್ಷದ ಮೇ ಮೂವತ್ತೊಂದು ಅವರ ನಿವೃತ್ತಿಯ ದಿನವಾಗಿತ್ತು, ಮೀನುಗಾರಿಕೆಯ ಹಂಗಾಮಿನ ಕೊನೆಯ ದಿನವೂ ಆಗಿತ್ತು. ಮಳೆಗಾಲದ ನಿಷೇಧಕ್ಕೆ ಮುಂಚೆ ಎಲ್ಲ ದೋಣಿಗಳೂ ಬಂದು ದಂಡೆಗೆ ಏರಿದವು. ಕೊನೆಯ ಸಹಿಯಾದ ಮೇಲೆ ಅವರು ಪುಟದ ಮೇಲೆ ಊದಿ, ಹನ್ನೆರಡು ವಹಿಗಳ ಕಟ್ಟನ್ನು ನನ್ನ ಮೇಜಿನ ಮೇಲಿಟ್ಟರು. ಹಂಗಾಮಿಗೊಂದರಂತೆ ಹನ್ನೆರಡು. ಪ್ರತಿಯೊಂದರ ಮೊದಲ ಪುಟದ ಮೊದಲ ಸಾಲು ಒಂದೇ: ಜಲದೇವಿ, ಹೋದವರು ಆಶಿಷ ರಾಮಾ ಹರಿಕಂತ್ರ, ಹೋದ ದಿನ ಆ ಗುರುವಾರ. ಬಂದ ಸಹಿಯ ಜಾಗ ಖಾಲಿ. ‘ದಂಡೆಯಲ್ಲಿ ನಿಂತವರು’ ಎಂಬ ಅಂಕಣದಲ್ಲಿ, ಹನ್ನೆರಡರಲ್ಲೂ, ಮಂಗೇಶ ನಾಯ್ಕ ಎಂದಿತ್ತು.

“ಆಗಸ್ಟಿಗೆ ಹೊಸ ವಹಿ ತಂದ್ರೆ ಮೊದಲ್ನೇ ಸಾಲು ಬಿಡಬೇಡ,” ಎಂದರು.

ಅಂದು ಅವರು ದಂಡೆಯಲ್ಲಿರಲಿಲ್ಲ, ಅಂಕೋಲೆಯಲ್ಲಿದ್ದರು ಎಂದು ಹೇಳಲು ಬಾಯಿ ತೆರೆದೆ. ಅವರು ಆಗಲೇ ಡಬ್ಬಿ ತೆಗೆದುಕೊಂಡು ಹೊರಟಿದ್ದರು.

ಈ ಲೇಖನವನ್ನು ಸಂಪಾದಕರಿಗೆ ಕೊಡುವ ಮುಂಚೆ ಕಾಶಿಯವರ ಮನೆಗೆ ಹೋಗಿ, ಅಂಗಳದಲ್ಲಿ ಕುಳಿತು, ಇಲ್ಲಿಯವರೆಗೆ ಬರೆದದ್ದನ್ನೆಲ್ಲ ಅವರಿಗೂ ರಾಮಾ ಅವರಿಗೂ ಓದಿ ಹೇಳಿದೆ. ನಾನು ಹೇಳಿದ ಸುಳ್ಳಿನ ಜಾಗ ಬಂದಾಗ ಹಾಳೆಯನ್ನು ಕೆಳಗಿಟ್ಟೆ. ಕಾಶಿಯವರು ಕಾದರು, ಪೂರ್ತಿ ಓದಿಸಿದರು. ರಾಮಾ ಅವರು ಬಲೆಯ ಸೂಜಿಯನ್ನು ಕೆಳಗಿಡಲಿಲ್ಲ.

“ದೋಣಿ ಬಂದದೆ ಅಂತ ನೀ ಹೇಳಿದ್ದನ್ನ ನಾಯ್ಕರಿಗೆ ನಾನೇ ಹೇಳಿದ್ದೆ, ವಿಚಾರಣಿಗೂ ಮೊದ್ಲೇ. ಅವ್ರು ಇಲ್ಲೇ ಕೂತು ಕೈ ಮುಗದ್ರು. ಹುಡ್ಗ ಹೊಸಬ, ಮನಿ ಬಿಟ್ಟು ಬಂದವ್ರು, ಹೆಸ್ರು ಹೇಳಿದ್ರೆ ಕೆಲ್ಸ ಹೋಗ್ತದೆ ಅಂದ್ರು. ನಾನೂ ಅಂದೆ, ಒಂದು ಮನಿ ಮುಳುಗಿದ್ದು ಸಾಕು.” ಕಾಶಿಯವರೇ ಮುಂದುವರಿಸಿದರು. “ಆದ್ರೂ ತಮಾ, ನೀನಾಗೇ ಬರ್ತಿ ಅಂದ್ಕಂಡಿದ್ದೆ. ಹನ್ನೆರಡು ವರ್ಷ ಬೇಕಾಯ್ತಾ?”

ಓದಿದ ಹಾಳೆಗಳನ್ನು ಜೋಡಿಸಿಕೊಂಡೆ. ಅಚ್ಚು ಹಾಕಿಸಲೇ ಎಂದು ಕೇಳಿದಾಗ, ಹಾಕಿಸು ಎಂದರು. ಮಗನ ಹೆಸರಿನ ಜೊತೆ ಅಪ್ಪನ ಹೆಸರೂ ಇರಲಿ ಎಂದರು.

ಇಂಥ ಲೇಖನಗಳನ್ನು ಆಯುರಾರೋಗ್ಯದ ಹಾರೈಕೆಯಿಂದ ಮುಗಿಸುವುದು ಸಂಪ್ರದಾಯ. ನೂರು ವರ್ಷ ಬಾಳಿ ಎಂದು ಬರೆದುಬಿಡುವುದು ಸುಲಭ. ಆದರೆ ಇನ್ನೂ ಬಾರದಿರುವುದನ್ನು ಬಂದಂತೆ ಬರೆಯಬಾರದೆಂದು ಯಾರಿಂದ ತಡವಾಗಿ ಕಲಿತೆನೋ ಅವರಿಗೇ ಹಾಗೆ ಬರೆಯಲು ಕೈ ಏಳುತ್ತಿಲ್ಲ. ಅದರ ಬದಲು ಆದ ಒಂದು ಸಂಗತಿಯನ್ನು ಅವರಿಗೆ ತಿಳಿಸುತ್ತೇನೆ.

ನಾಯ್ಕ ಸರ್, ಆಗಸ್ಟ್ ಒಂದರಂದು ಹದಿಮೂರನೆಯ ವಹಿ ತಂದೆ. ಪಾಟಿಯ ಪಕ್ಕದಲ್ಲೇ ಅದೂ ಇರುತ್ತದೆ. ನಾಲ್ಕು ಅಂಕಣಗಳನ್ನು ನಿಮ್ಮ ಅಡ್ಡಪಟ್ಟಿಯಿಂದಲೇ ಗೆರೆ ಹೊಡೆದೆ. ಮೊದಲ ಸಾಲು ಬಿಟ್ಟಿಲ್ಲ. ಜಲದೇವಿ, ಆಶಿಷ ರಾಮಾ ಹರಿಕಂತ್ರ, ಆ ಗುರುವಾರ, ೨೦೧೩. ಬಂದ ಸಹಿಯ ಜಾಗವನ್ನು ಖಾಲಿ ಬಿಟ್ಟಿದ್ದೇನೆ. ಕೊನೆಯ ಅಂಕಣದಲ್ಲಿ ನಿಮ್ಮ ಹೆಸರು ಬರೆಯಲಿಲ್ಲ, ನನ್ನ ಹೆಸರು ಬರೆದೆ. ಹಳೆಯ ಹನ್ನೆರಡರಲ್ಲೂ ನಿಮ್ಮ ಹೆಸರು ಹೊಡೆದು ನನ್ನದನ್ನೇ ಬರೆದಿದ್ದೇನೆ, ಶಾಯಿಯಲ್ಲಿ. ಆ ಸಾಲಿಗಾಗಿ ಇನ್ನು ನೀವು ಕಾಯಬೇಕಾಗಿಲ್ಲ. ಕಲಾವತಿಯಮ್ಮನವರು ಬಡಿಸಿದಾಗ, ಒಂದು ಗಂಟೆಗೆ, ಊಟ ಮಾಡಿ.